ಎಸ್ಟೇಟ್ ರಸ್ತೆ ರಿಪೇರಿಗೆ ಟ್ರ್ಯಾಕ್ಟರ್ ಹಿಂದೆ ಏನು ಕಟ್ಟಬೇಕು?

ಮಳೆಗಾಲ ಮುಗೀತಾ ಬಂತು ಅಂದ್ರೆ ಮಲೆನಾಡಿನ ತೋಟದ ಮನೆಗಳಲ್ಲಿ ಒಂದೇ ಮಾತು, ರಸ್ತೆ ಹೋಯ್ತು. ನಮ್ಮದೂ ಅದೇ ಕಥೆ. ಡಾಂಬರು ರಸ್ತೆಯಿಂದ ಮನೆಗೆ ಎರಡು ಕಿಲೋಮೀಟರ್ ಗ್ರಾವೆಲ್ ರಸ್ತೆ, ನಡುವೆ ಎರಡು ಏರು, ಮೂರು ಮೋರಿ. ಕಾಫಿ ಕೊಯ್ಲು ಶುರುವಾಗುವ ಹೊತ್ತಿಗೆ ಅದರಲ್ಲಿ ಪಿಕಪ್ ಓಡಾಡಲೇಬೇಕು.

ಎಷ್ಟೋ ವರ್ಷ ನಾವು ಜೆಸಿಬಿ ಕರೆಸಿ ಕೆರೆಸುತ್ತಿದ್ದೆವು. ಆ ದಿನ ರಸ್ತೆ ನೋಡೋಕೆ ಚೆನ್ನಾಗಿರುತ್ತಿತ್ತು. ಆದರೆ ಪ್ರತಿ ಸಲವೂ ಒಳ್ಳೆ ಗ್ರಾವೆಲ್ ಪಕ್ಕಕ್ಕೆ ಹೋಗಿ ಬೀಳುತ್ತಿತ್ತು, ರಸ್ತೆ ಒಂದೆರಡು ಬೆರಳು ಕೆಳಗಿಳಿಯುತ್ತಿತ್ತು. ಕೊನೆಗೆ ಕೆಲವು ಕಡೆ ರಸ್ತೆಯೇ ತೋಟಕ್ಕಿಂತ ತಗ್ಗಾಗಿ, ಮಳೆ ನೀರಿಗೆ ಅದೇ ಕಾಲುವೆ ಆಯ್ತು. ಹೊಸ ಗ್ರಾವೆಲ್ ಹಾಕಿದರಾಯ್ತು ಅಂತೀರಾ? ಲೆಕ್ಕ ಹಾಕಿ ನೋಡಿ. ಎರಡು ಕಿಲೋಮೀಟರ್ ಅಂದರೆ ಸುಮಾರು 6,560 ಅಡಿ. ಹತ್ತು ಅಡಿ ಅಗಲ, ಬರೀ ಎರಡು ಇಂಚು ದಪ್ಪ ಹರಡಿದರೂ ಹತ್ತಿರ ಹತ್ತಿರ 110 ಯೂನಿಟ್ (ಒಂದು ಯೂನಿಟ್ ಅಂದರೆ ನೂರು ಘನ ಅಡಿ) ಬೇಕು. ನಿಮ್ಮ ಊರಿನ ಕ್ರಷರ್ ರೇಟಿಗೆ ಗುಣಿಸಿಕೊಳ್ಳಿ.

ಅದಕ್ಕೇ ಹೇಳೋದು, ಇರುವ ಗ್ರಾವೆಲ್ಲನ್ನು ಉಳಿಸಿಕೊಳ್ಳುವುದೇ ದೊಡ್ಡ ಕೆಲಸ. ಅದರಲ್ಲಿ ಜಾಸ್ತಿ ಪಾಲು ಎಲ್ಲೂ ಹೋಗಿರುವುದಿಲ್ಲ, ರಸ್ತೆಯ ಎರಡೂ ಅಂಚಿನಲ್ಲಿ ಹುಲ್ಲಿನ ಕೆಳಗೆ ದಿಂಡು ಕಟ್ಟಿಕೊಂಡು ಕೂತಿರುತ್ತದೆ. ಅದನ್ನು ವಾಪಸ್ ನಡುವಿಗೆ ತರುವ ಸಾಮಾನು ಯಾವುದು ಅಂತ ಹುಡುಕಬೇಕು.

ಮೊದಲು ಕೊಡೆ ಹಿಡಿದು ನಡೆಯಿರಿ

ಅಂಗಡಿಗೆ ಹೋಗುವ ಮೊದಲು ಜೋರು ಮಳೆ ಬರುವಾಗ ಇಡೀ ರಸ್ತೆ ಒಮ್ಮೆ ನಡೆದು ನೋಡಿ. ನೀರು ಎಲ್ಲಿ ನಿಲ್ಲುತ್ತದೆ, ಎಲ್ಲಿ ಚಕ್ರದ ಜಾಡಿನಲ್ಲೇ ಹರಿಯುತ್ತದೆ, ಯಾವ ಮೋರಿ ಕಟ್ಟಿಕೊಂಡಿದೆ, ಇದೆಲ್ಲ ಬಿಸಿಲಲ್ಲಿ ಕಾಣುವುದಿಲ್ಲ. ಮಳೆ ಸಿಗದಿದ್ದರೆ ಒಂದು ಬಕೆಟ್ ನೀರು ತಗೊಂಡು ರಸ್ತೆಯ ನಡುವೆ ನಿಧಾನಕ್ಕೆ ಸುರಿಯಿರಿ. ನೀರು ಎರಡು ಕಡೆಗೂ ಇಳಿದು ಚರಂಡಿ ಮುಟ್ಟಿದರೆ ರಸ್ತೆಯ ಆಕಾರ ಸರಿ ಇದೆ. ಚಕ್ರದ ಜಾಡು ಹಿಡಿದು ಉದ್ದಕ್ಕೆ ಓಡಿತು ಅಂದರೆ ಆಕಾರ ಹೋಗಿದೆ.

ರಸ್ತೆ ಆಮೆ ಬೆನ್ನಿನ ಹಾಗಿರಬೇಕು ಅಂತ ಹಿರಿಯರು ಹೇಳುವುದು ಇದಕ್ಕೇ. ಗ್ರಾವೆಲ್ ರಸ್ತೆಗೆ ನಡುವಿನಿಂದ ಅಂಚಿಗೆ ನೂರಕ್ಕೆ ನಾಲ್ಕರಷ್ಟು ಇಳಿಜಾರು ಸಾಕು, ಅಂದರೆ ಅಡಿಗೆ ಅರ್ಧ ಇಂಚು. ಹತ್ತು ಅಡಿ ರಸ್ತೆಯಲ್ಲಿ ನಡುಭಾಗ ಅಂಚಿಗಿಂತ ಎರಡೂವರೆ ಇಂಚು ಮೇಲಿರಬೇಕು. ಒಂದು ದಾರ ಅಡ್ಡ ಹಿಡಿದರೆ ಗೊತ್ತಾಗುತ್ತದೆ.

ಟ್ರ್ಯಾಕ್ಟರ್ ಎಷ್ಟು ತಡೆಯುತ್ತೆ?

ಅಡಿಕೆ ತೋಟಕ್ಕೆ ತಗೊಂಡ ಮಿನಿ ಟ್ರ್ಯಾಕ್ಟರ್‌ಗೂ 45 ಎಚ್‌ಪಿ ಟ್ರ್ಯಾಕ್ಟರ್‌ಗೂ ಒಂದೇ ಬ್ಲೇಡ್ (ಹಿಂದೆ ಕಟ್ಟಿ ಮಣ್ಣು ಕೆರೆಯುವ ಕಬ್ಬಿಣದ ಹಲಗೆ) ಆಗುವುದಿಲ್ಲ. ಟ್ರ್ಯಾಕ್ಟರ್ ಹಿಂದೆ ಸಾಮಾನು ಕಟ್ಟುವ ಮೂರು ತೋಳು, ಅಂದರೆ ಮೂರು ಪಾಯಿಂಟ್ ಲಿಂಕೇಜ್‌ನ ಪಿನ್ನುಗಳಲ್ಲೇ ವ್ಯತ್ಯಾಸ ಇದೆ. ಸಣ್ಣ ಅಳತೆಯ ಕೆಟಗರಿ ಒಂದಕ್ಕೆ ಕೆಳಗಿನ ಪಿನ್ನು 22 ಮಿಲಿಮೀಟರ್, ದೊಡ್ಡ ಅಳತೆಯ ಎರಡಕ್ಕೆ 28. ಅಳತೆ ತಗೊಂಡೇ ಅಂಗಡಿಗೆ ಹೋಗಿ.

ಬ್ಲೇಡಿನ ಅಗಲದ ವಿಷಯದಲ್ಲಿ ತುಂಬಾ ಜನ ಎಡವುತ್ತಾರೆ. ಹಿಂದಿನ ಟೈರುಗಳ ಹೊರ ಅಂಚಿನಿಂದ ಹೊರ ಅಂಚಿಗೆ ಅಳೆಯಿರಿ, ಬ್ಲೇಡ್ ಅದಕ್ಕಿಂತ ಅಗಲ ಇರಬೇಕು, ಅದೂ ಓರೆ ಮಾಡಿದ ಮೇಲೆ. ಆರು ಅಡಿ ಬ್ಲೇಡನ್ನು 30 ಡಿಗ್ರಿ ತಿರುಗಿಸಿದರೆ ಅದು ಕೆರೆಯುವ ಅಗಲ ಐದೂಕಾಲು ಅಡಿಗಿಂತ ಕಮ್ಮಿ. ಏಳು ಅಡಿಯದ್ದು ಆರು ಅಡಿಗೆ ಬರುತ್ತದೆ. ಬ್ಲೇಡ್ ಸಣ್ಣದಾದರೆ ನೀವು ಸರಿ ಮಾಡಿದ ಜಾಗದ ಪಕ್ಕದಲ್ಲೇ ಟೈರಿನ ಗುರುತು ಉಳಿದು, ಮುಂದಿನ ಮಳೆಗೆ ಅದೇ ಹೊಸ ಕೊರಕಲು.

ಈಗ ಸಾಮಾನುಗಳ ವಿಷಯ

ಒಂದೇ ಒಂದು ತಗೊಳ್ಳೋಕೆ ಆಗೋದು ಅಂದ್ರೆ ನಾನು ಹೇಳೋದು ಹಿಂದಿನ ಬ್ಲೇಡ್, ಓರೆ ಮಾಡಲು ಬರುವಂಥದ್ದು. ನೇರಕ್ಕೆ ಮಾತ್ರ ನಿಲ್ಲುವ ಲೆವೆಲರ್ ಗದ್ದೆ ಮಟ್ಟ ಮಾಡಲು ಸರಿ, ಅದರಿಂದ ರಸ್ತೆಗೆ ಬೆನ್ನು ಬರಿಸುವುದು ಕಷ್ಟ. ಓರೆ ಬ್ಲೇಡಿನಲ್ಲಿ ಮಣ್ಣು ಮುಂದಿರುವ ತುದಿಯಿಂದ ಹಿಂದಿರುವ ತುದಿಗೆ ಉರುಳಿಕೊಂಡು ಹೋಗುತ್ತದೆ. ಎಡ ತುದಿ ಮುಂದೆ ಬರುವಂತೆ ತಿರುಗಿಸಿ, ರಸ್ತೆಯ ಎಡ ಅಂಚು ಹಿಡಿದು ಹೋಗಿ. ಅಂಚಿನ ಗ್ರಾವೆಲ್ ನಡುವಿಗೆ ಬಂದು ಬೀಳುತ್ತದೆ. ವಾಪಸ್ ಬರುವಾಗಲೂ ನಿಮ್ಮ ಎಡಕ್ಕೆ ಇನ್ನೊಂದು ಅಂಚೇ ಸಿಗುವುದರಿಂದ ಬ್ಲೇಡ್ ಮುಟ್ಟುವ ಅಗತ್ಯವೇ ಇಲ್ಲ. ಮೊದಲ ಸಲ ಮಾಡಿದಾಗ ಹುಲ್ಲಿನ ಬೇರಿನ ಜೊತೆ ಕೆಂಪು ಗ್ರಾವೆಲ್ ದಿಂಡಾಗಿ ನಡುವಿಗೆ ಬಂದದ್ದು ನೋಡಿ ನನಗೆ ನಿಜಕ್ಕೂ ಹೊಟ್ಟೆ ಉರಿಯಿತು. ಇಷ್ಟು ವರ್ಷ ಇದನ್ನೇ ದುಡ್ಡು ಕೊಟ್ಟು ಹೊರಗಿಂದ ತರಿಸುತ್ತಿದ್ದೆವಲ್ಲ! ಹುಲ್ಲಿನ ಗೆಡ್ಡೆಗಳನ್ನು ಮಾತ್ರ ಆರಿಸಿ ತೆಗೆಯಬೇಕು, ಇಲ್ಲದಿದ್ದರೆ ಅದು ಕೊಳೆತ ಜಾಗದಲ್ಲಿ ರಸ್ತೆ ಮೆತ್ತಗಾಗುತ್ತದೆ.

ಗುಂಡಿಗಳಿಗೆ ಬ್ಲೇಡ್ ಒಂದೇ ಸಾಲದು. ಗುಂಡಿಗೆ ಸಡಿಲ ಮಣ್ಣು ತುಂಬಿ ಮೇಲೆ ಎಳೆದರೆ ಹತ್ತು ದಿನದಲ್ಲಿ ಅದೇ ಗುಂಡಿ, ಅದೇ ಜಾಗ, ಅಲ್ವಾ? ಗುಂಡಿಯ ತಳದವರೆಗೂ ಸುತ್ತಲಿನ ಗಟ್ಟಿ ಪದರ ಬಿಡಿಸಬೇಕು. ಗುಂಡಿ ಮೂರು ಇಂಚು ಆಳ ಇದ್ದರೆ ಸುತ್ತ ಮೂರು ಇಂಚಿಗಿಂತ ಸ್ವಲ್ಪ ಜಾಸ್ತಿಯೇ ಕೀಳಬೇಕು. ಆಗ ಹಳೆಯದೂ ಹೊಸದೂ ಬೆರೆತು ಒಟ್ಟಿಗೆ ಗಟ್ಟಿಯಾಗುತ್ತದೆ. ಇದಕ್ಕೆ ಬಾಕ್ಸ್ ಸ್ಕ್ರೇಪರ್ ಚೆನ್ನಾಗಿರುತ್ತದೆ. ಮುಂದೆ ಹಲ್ಲು, ಹಿಂದೆ ಬ್ಲೇಡು, ಪಕ್ಕಗಳು ಮುಚ್ಚಿರುವುದರಿಂದ ಮಣ್ಣನ್ನು ಡಬ್ಬಿಯಲ್ಲಿ ಹಿಡಿದ ಹಾಗೆ ಎಳೆದುಕೊಂಡು ಹೋಗಿ ತಗ್ಗಿದ್ದಲ್ಲಿ ಬಿಡುತ್ತದೆ. ಟಾಪ್ ಲಿಂಕ್ (ಆ ಮೂರರಲ್ಲಿ ಮೇಲಿನ ತೋಳು) ಗಿಡ್ಡ ಮಾಡಿದರೆ ಹಲ್ಲು ಆಳಕ್ಕೆ ಇಳಿಯುತ್ತದೆ, ಉದ್ದ ಮಾಡಿದರೆ ಹಿಂದಿನ ಬ್ಲೇಡ್ ಕೂತು ಮೇಲ್ಮೈ ನಯ ಮಾಡುತ್ತದೆ.

ಅದು ಸಿಗಲಿಲ್ಲವಾ, ಚಿಂತೆ ಇಲ್ಲ. ಮನೆಯಲ್ಲಿರುವ ಒಂಬತ್ತು ಹಲ್ಲಿನ ಕಲ್ಟಿವೇಟರ್ ಕಟ್ಟಿ ಗುಂಡಿ ಇರುವ ಜಾಗ ಮಾತ್ರ ಕೀಳಿ, ಆಮೇಲೆ ಬ್ಲೇಡ್ ಎಳೆಯಿರಿ. ನಾವು ಹಾಗೇ ಮಾಡುವುದು. ಸ್ಪ್ರಿಂಗ್ ಇರುವುದಕ್ಕಿಂತ ರಿಜಿಡ್ ಕಲ್ಟಿವೇಟರ್ ಗಟ್ಟಿ ನೆಲಕ್ಕೆ ಚೆನ್ನಾಗಿ ಇಳಿಯುತ್ತದೆ. ತುಂಬಾ ಆಳಕ್ಕೆ ಬಿಟ್ಟು ಕೆಳಗೆ ಹಾಸಿರುವ ದಪ್ಪ ಕಲ್ಲು ಎಬ್ಬಿಸಬೇಡಿ, ಅದು ಒಮ್ಮೆ ಮೇಲೆ ಬಂತು ಅಂದರೆ ವಾಪಸ್ ಕೂರುವುದಿಲ್ಲ.

ಡೋಜರ್ ಬ್ಲೇಡ್, ಅಂದರೆ ಟ್ರ್ಯಾಕ್ಟರ್ ಮುಂದೆ ಕಟ್ಟುವುದು, ಟಿಪ್ಪರ್ ಸುರಿದ ರಾಶಿ ತಳ್ಳಲು ಒಳ್ಳೆಯದು, ನಯ ಮಾಡಲು ಅಲ್ಲ. ಇನ್ನು ರೋಟಾವೇಟರ್ ಮಾತ್ರ ದಯವಿಟ್ಟು ಬೇಡ. ಅದು ಗಟ್ಟಿ ಪದರವನ್ನು ಹಿಟ್ಟು ಮಾಡುತ್ತದೆ, ಕಲ್ಲು ತಾಗಿ ಬ್ಲೇಡ್ ಮುರಿಯುತ್ತದೆ, ಕಲ್ಲು ಸಿಡಿದರೆ ಹಿಂದೆ ಇದ್ದವರ ಗತಿ?

ಎಳೆಯುವ ವಿಧಾನ

ಹೊಸಬರು ಎಳೆದ ರಸ್ತೆ ಅಲೆ ಅಲೆಯಾಗಿರುತ್ತದೆ. ಮುಂದಿನ ಚಕ್ರ ಉಬ್ಬು ಹತ್ತಿದಾಗ ಹಿಂದಿನ ಬ್ಲೇಡ್ ಕೆಳಗಿಳಿದು ಅಗೆಯುತ್ತದೆ, ಚಕ್ರ ಇಳಿದಾಗ ಬ್ಲೇಡ್ ಎದ್ದು ಮಣ್ಣು ಬಿಡುತ್ತದೆ, ಹೀಗೆ ಒಂದು ಉಬ್ಬು ಹತ್ತು ಉಬ್ಬಾಗುತ್ತದೆ. ಇದಕ್ಕೆ ಒಂದು ದಾರಿ ಅಂದರೆ ಒಂದೇ ಸಲ ಆಳಕ್ಕೆ ಹೋಗದೆ ತೆಳ್ಳಗೆ ಮೂರ್ನಾಲ್ಕು ಸಲ ಎಳೆಯುವುದು, ನಡೆಯುವ ವೇಗದಲ್ಲಿ. ಹೈಡ್ರಾಲಿಕ್‌ನ ಎರಡು ಲಿವರ್‌ಗಳಲ್ಲಿ ಪೊಸಿಷನ್ ಕಂಟ್ರೋಲ್ ಬಳಸಿ, ಅದು ಬ್ಲೇಡನ್ನು ಇಟ್ಟ ಎತ್ತರದಲ್ಲೇ ಹಿಡಿದಿರುತ್ತದೆ. ಡ್ರಾಫ್ಟ್ ಕಂಟ್ರೋಲ್‌ನಲ್ಲಿ ಬಿಟ್ಟರೆ ಗಟ್ಟಿ ಜಾಗ ಸಿಕ್ಕ ಕೂಡಲೇ ಅದು ತಾನಾಗಿ ಬ್ಲೇಡನ್ನು ಎತ್ತಿಬಿಡುತ್ತದೆ, ಉಳುಮೆಗೆ ಅದು ಬೇಕು, ರಸ್ತೆಗೆ ಬೇಡ. ಬ್ಲೇಡಿನ ಹಿಂದೆ ಸಣ್ಣ ಚಕ್ರ ಇರುವ ಮಾದರಿ ಸಿಕ್ಕರೆ ಸ್ವಲ್ಪ ಜಾಸ್ತಿ ಕೊಟ್ಟಾದರೂ ತಗೊಳ್ಳಿ, ಬ್ಲೇಡ್ ಏರಿಳಿಯದಂತೆ ಆ ಚಕ್ರ ಹಿಡಿಯುತ್ತದೆ.

ಕೊನೆಯ ಸುತ್ತಿಗೆ ನಮ್ಮ ಮನೆಯಲ್ಲಿ ಒಂದು ಭಾರದ ಕಬ್ಬಿಣದ ತೊಲೆ ಇದೆ, ಗದ್ದೆಗೆ ಕೊರಡು ಎಳೆಯುವ ಹಾಗೆ ಸರಪಳಿ ಹಾಕಿ ಎಳೆಯುತ್ತೇವೆ. ಸರಪಳಿಯನ್ನು ಟ್ರ್ಯಾಕ್ಟರ್ ಹಿಂದೆ ತಗ್ಗಿನಲ್ಲಿರುವ ಎಳೆಯುವ ಪಟ್ಟಿಗೆ, ಅಂದರೆ ಡ್ರಾಬಾರ್‌ಗೇ ಕಟ್ಟಬೇಕು. ಟಾಪ್ ಲಿಂಕ್ ಜಾಗಕ್ಕೆ ಕಟ್ಟಿದರೆ ತೊಲೆ ಎಲ್ಲಾದರೂ ಸಿಕ್ಕಿಕೊಂಡಾಗ ಟ್ರ್ಯಾಕ್ಟರ್ ಮೂತಿ ಎತ್ತಿ ಹಿಂದಕ್ಕೆ ಮಗುಚುತ್ತದೆ. ಮತ್ತೆ, ಭಾರಕ್ಕೆ ಅಂತ ಬ್ಲೇಡಿನ ಮೇಲೆ ಆಳು ನಿಲ್ಲಿಸುವ ಅಭ್ಯಾಸ ಇದೆಯಲ್ಲ, ಅದನ್ನು ಇವತ್ತೇ ಬಿಡಿ. ಕಾಲು ಜಾರಿದರೆ ಅವನು ಬೀಳುವುದು ಕಬ್ಬಿಣದ ಮುಂದಕ್ಕೇ. ಮರಳಿನ ಚೀಲ ಕಟ್ಟಿ.

ಯಾವಾಗ ಮಾಡಬೇಕು

ಒಣಗಿ ಧೂಳೆದ್ದಾಗ ಎಳೆದರೆ ಸುಮ್ನೆ ಡೀಸೆಲ್ ದಂಡ. ಕೆಸರಿದ್ದಾಗ ಎಳೆದರೆ ಟೈರೇ ರಸ್ತೆ ಹಾಳು ಮಾಡುತ್ತದೆ. ಮಣ್ಣನ್ನು ಮುಷ್ಟಿಯಲ್ಲಿ ಹಿಡಿದು ಒತ್ತಿ: ಉಂಡೆ ಕಟ್ಟಬೇಕು, ಕೈಗೆ ಮೆತ್ತಿಕೊಳ್ಳಬಾರದು. ನಮ್ಮ ಕಡೆ ಆ ಹದ ಸಿಗುವುದು ಎರಡು ಸಲ, ಅಕ್ಟೋಬರ್ ಕೊನೆಗೆ ಒಮ್ಮೆ, ಹೂಮಳೆ (ಕಾಫಿ ಹೂ ಅರಳಿಸುವ ಬೇಸಿಗೆ ಮಳೆ) ಬಿದ್ದ ಎರಡು ಮೂರು ದಿನಕ್ಕೆ ಇನ್ನೊಮ್ಮೆ. ಎಳೆದಾದ ಮೇಲೆ ಲೋಡ್ ತುಂಬಿದ ಟ್ರೇಲರನ್ನು ಒಂದೊಂದು ಸಲ ಒಂದೊಂದು ಜಾಡಿನಲ್ಲಿ ಓಡಿಸಿ, ಎಲ್ಲ ಕಡೆ ಒತ್ತು ಬೀಳಲಿ.

ಹೊಸ ಗ್ರಾವೆಲ್ ಹಾಕುವುದಿದ್ದರೆ ಬರೀ ಜಲ್ಲಿ ತರಿಸಬೇಡಿ. ಹಿಡಿದಿಡಲು ಮಣ್ಣಿನ ಅಂಶ ಬೇಕು, ಇಲ್ಲದಿದ್ದರೆ ಏರಿನಲ್ಲಿ ಟೈರ್ ಉರುಳಿಸಿ ಅಂಚಿಗೆ ತಳ್ಳುತ್ತದೆ. ಏರು ಜಾಸ್ತಿ ಇರುವ ಕಡೆ ಆಮೆ ಬೆನ್ನು ಒಂದೇ ನೀರನ್ನು ತಡೆಯಲಾರದು, ನಡುನಡುವೆ ಓರೆಯಾಗಿ ಅಡ್ಡ ಬದು ಹಾಕಿ ನೀರನ್ನು ಚರಂಡಿಗೆ ತಿರುಗಿಸಬೇಕು.

ಕೊಳ್ಳುವ ಮುಂಚೆ ನಿಮ್ಮ ಹೋಬಳಿಯ ಕೃಷಿ ಯಂತ್ರಧಾರೆ ಕೇಂದ್ರದಲ್ಲಿ ಬ್ಲೇಡ್ ಬಾಡಿಗೆಗೆ ಇದೆಯಾ ಕೇಳಿ. ವರ್ಷಕ್ಕೆ ಎರಡು ಸಲ ಮಾತ್ರ ಬೇಕಾಗುವ ಸಾಮಾನು ಇದು. ನಮ್ಮ ದಾರಿಯಲ್ಲಿ ಮೂರು ಮನೆಯವರು ಸೇರಿ ಒಂದು ಬ್ಲೇಡ್ ತಗೊಂಡಿದ್ದೇವೆ, ಹೂಮಳೆ ಬಿದ್ದ ವಾರ ಅದು ಯಾರ ಶೆಡ್ಡಿನಲ್ಲೂ ನಿಲ್ಲುವುದಿಲ್ಲ.