ತಗಚೆ ಬೀಜ ಹುರಿದು ಚಹಾ ಮಾಡಿದ್ದು

ದಿನವಿಡೀ ಕಂಪ್ಯೂಟರ್ ನೋಡಿ ಸಂಜೆಯಾದರೆ ನನ್ನ ಕಣ್ಣು ಉರಿಯುತ್ತಿತ್ತು. ಇಲ್ಲಿ ಗುವಾಂಗ್‌ಝೌನಲ್ಲಿ ಆಫೀಸಿನ ಗೆಳತಿಯೊಬ್ಬಳು 'ಜ್ವೇ ಮಿಂಗ್ ಝ ಕುಡಿದು ನೋಡು' ಎಂದಳು. ಮಿಂಗ್ ಅಂದರೆ ಬೆಳಕು, ಝ ಅಂದರೆ ಬೀಜ. ಚೀನೀ ವೈದ್ಯದಲ್ಲಿ ಇದು ಕಣ್ಣಿಗೆ ಕೊಡುವ ಹಳೇ ಮದ್ದು.

ಚಿಂಗ್‌ಪಿಂಗ್ ಮಾರುಕಟ್ಟೆಯಲ್ಲಿ ಕಾಲು ಕಿಲೋ ತಂದೆ. ಮೆಂತ್ಯಕ್ಕಿಂತ ಸ್ವಲ್ಪ ದೊಡ್ಡ ಬೀಜ, ಕಂದು ಬಣ್ಣ, ಎಣ್ಣೆ ಹಚ್ಚಿದ ಹಾಗೆ ಹೊಳಪು. ಒಂದು ತುದಿ ಚಪ್ಪಟೆ, ಇನ್ನೊಂದು ಓರೆ. ಕುದುರೆ ಗೊರಸಿನ ಹಾಗಿದೆ ಅಂತ ಇಲ್ಲಿನವರು ಅದೇ ಹೆಸರಿನಿಂದಲೂ ಕರೆಯುತ್ತಾರೆ. ವಿಡಿಯೋದಲ್ಲಿ ತೋರಿಸಿದ್ದೇ ತಡ, ಉಡುಪಿಯಿಂದ ಅಮ್ಮ, "ಇದು ನಮ್ಮ ತಗಚೆ ಬೀಜ ಅಲ್ವೇನೇ?" ಎಂದರು. ಆಟಿ ತಿಂಗಳಲ್ಲಿ ಎಳೆ ಸೊಪ್ಪು ಕೊಯ್ದು ಪಲ್ಯ, ಅಂಬಡೆ ಮಾಡುತ್ತೇವಲ್ಲ, ತುಳುವಿನ ತಜಂಕ್, ಅದರದ್ದೇ ಅಂತ ಅಮ್ಮನಿಗೆ ಅನಿಸಿತ್ತು. ಚೀನಾದಲ್ಲಿ ಎರಡು ಗಿಡಗಳ ಬೀಜ ಈ ಮದ್ದಿಗೆ ನಡೆಯುತ್ತದೆ. ನಮ್ಮ ತಗಚೆಯದ್ದು ಚಿಕ್ಕದು, ಎರಡೂ ಬದಿಗೆ ಅಗಲವಾದ ತಿಳಿ ಪಟ್ಟಿ ಇರುತ್ತದೆ. ನನಗೆ ಸಿಕ್ಕಿದ್ದು ಅದರ ಅಕ್ಕನಂಥ ದೊಡ್ಡ ಜಾತಿ.

ಮೊದಲ ದಿನ ತಪ್ಪು ಮಾಡಿದೆ. ಹಸಿ ಬೀಜವನ್ನೇ ಒಂದು ಮುಷ್ಟಿ ಹಾಕಿ ಕುದಿಸಿ ಎರಡು ಲೋಟ ಕುಡಿದೆ. ಬೆಳಗಿನ ಜಾವದಿಂದ ಹೊಟ್ಟೆ ಕೆಟ್ಟು ಒದ್ದಾಡಿದೆ. ಹಸಿ ಬೀಜ ಮಲಬದ್ಧತೆಗೆ ಕೊಡುವ ಮದ್ದು. ಹುರಿದರೆ ಆ ಗುಣ ತಗ್ಗುತ್ತದೆ. ಅಂಗಡಿಯ ಅಜ್ಜಿ ಇದನ್ನು ಹೇಳಿದ್ದರೋ ಏನೋ, ನನ್ನ ಚೀನೀ ಭಾಷೆಗೆ ಅಷ್ಟು ಎಟುಕಿರಲಿಲ್ಲ.

ಈಗ ಹೀಗೆ ಮಾಡುತ್ತೇನೆ. ಕಬ್ಬಿಣದ ಬಾಣಲೆ, ಸಣ್ಣ ಉರಿ, ಎಣ್ಣೆ ಬೇಡ. ಬೀಜವನ್ನು ತೆಳ್ಳಗೆ ಹರಡಿ ಕೈ ಬಿಡದೆ ತಿರುವಬೇಕು. ಸ್ವಲ್ಪ ಹೊತ್ತು ಸದ್ದೇ ಇರುವುದಿಲ್ಲ. ಆಮೇಲೆ ಒಂದೊಂದಾಗಿ ಚಟ್ ಚಟ್ ಎನ್ನತೊಡಗುತ್ತವೆ. ಹೊಳಪು ಹೋಗಿ ಹೊಟ್ಟೆ ಉಬ್ಬುತ್ತದೆ, ಕಾಫಿ ಬೀಜ ಹುರಿದ ಪರಿಮಳ ಅಡುಗೆಮನೆ ತುಂಬುತ್ತದೆ. ಆಗ ಒಂದು ಕ್ಷಣವೂ ಕಾಯಬೇಡಿ, ಕೂಡಲೇ ತಟ್ಟೆಗೆ ಸುರಿಯಿರಿ. ಬಾಣಲೆಯಲ್ಲೇ ಬಿಟ್ಟರೆ ಆ ಬಿಸಿಗೇ ಸೀದುಹೋಗುತ್ತದೆ. ಇನ್ನೂ ಬಣ್ಣ ಬರಲಿ ಅಂತ ಕಾದು ನಾನು ಒಂದು ಸಲ ಪೂರ್ತಿ ಕಹಿ ಮಾಡಿಕೊಂಡಿದ್ದೇನೆ.

ಆರಿದ ಮೇಲೆ ಕುಟ್ಟಾಣಿಯಲ್ಲಿ ಎರಡೇಟು ಹಾಕಿ. ಸಿಪ್ಪೆ ಗಟ್ಟಿ, ಒಡೆಯದಿದ್ದರೆ ಸಾರ ಇಳಿಯುವುದಿಲ್ಲ. ಹತ್ತು ಗ್ರಾಂ ಬೀಜಕ್ಕೆ ಕುದಿಯುವ ನೀರು ಹೊಯ್ದು, ಕಾಲು ಗಂಟೆ ಮುಚ್ಚಿಡಿ. ನಾಲ್ಕು ಒಣ ಸೇವಂತಿಗೆ ಹಾಕಿದರೆ ಇನ್ನೂ ಚೆಂದ. ಇಲ್ಲಿನ ಮನೆಗಳಲ್ಲೂ ಹಾಗೇ ಕುಡಿಯುತ್ತಾರೆ.

ಕಣ್ಣುರಿ ಕಡಿಮೆಯಾಗಿದೆ. ಆದರೆ ಜೊತೆಗೇ ನಾನು ಗಂಟೆಗೊಮ್ಮೆ ಎದ್ದು ಕಿಟಕಿಯ ಹೊರಗೆ ನೋಡುವುದನ್ನೂ ಶುರುಮಾಡಿದ್ದೆ, ಹಾಗಾಗಿ ಇದೆಲ್ಲ ಬೀಜದಿಂದಲೇ ಆಯಿತು ಅನ್ನಲಾರೆ. ಬಸುರಿಯರು, ಬಿಪಿ ಕಡಿಮೆ ಇರುವವರು, ಹೊಟ್ಟೆ ಸಡಿಲ ಇರುವವರು ಇದನ್ನು ಮುಟ್ಟಬೇಡಿ. ನಾನೂ ವಾರಕ್ಕೆ ಎರಡು ಸಲಕ್ಕಿಂತ ಜಾಸ್ತಿ ಕುಡಿಯುವುದಿಲ್ಲ.

ಅಮ್ಮ ಈ ಸಲ ಗದ್ದೆ ಬದಿಯ ತಗಚೆ ಕೋಡು ಕೊಯ್ದು ಒಣಗಿಸಿಟ್ಟಿದ್ದಾರೆ. ಊರಿಗೆ ಹೋದಾಗ ಆ ಚಿಕ್ಕ ಬೀಜವನ್ನೂ ಹುರಿದು ನೋಡಬೇಕು.