ಪಿಸ್ತೂಲಿಗೆ ಗುಂಡು ಸಿಗದ ಕಾಲದಲ್ಲಿ ಅಭ್ಯಾಸ ಉಳಿಸಿಕೊಂಡ ಬಗೆ

25 ಮೀಟರ್ ಪಿಸ್ತೂಲ್ ಸ್ಪರ್ಧೆಯಲ್ಲಿ ಹಾರಿಸಬೇಕಾದದ್ದು 60 ಗುಂಡು. ಗುರಿ ಹೊಂದಿಸಿಕೊಳ್ಳಲು ಇನ್ನಷ್ಟು ಬೇಕು. ಪೆಟ್ಟಿಗೆಯಲ್ಲಿ ಬರುವುದು 50. ಮೈಸೂರಿನಲ್ಲಿ ಅಭ್ಯಾಸ ಮಾಡುವ ನಮಗೆ ಗುರಿಯಷ್ಟೇ ಗುಂಡಿನ ಚಿಂತೆಯೂ ಇರುವುದು ಇದಕ್ಕೇ.

ಕೊರತೆ ಎಲ್ಲ ಗುಂಡಿಗೂ ಒಂದೇ ಸಮನೆ ಬರುವುದಿಲ್ಲ. ಮಳವಳ್ಳಿ ಕಡೆಯ ನಮ್ಮ ಭಾವನವರು ಕಾಡುಹಂದಿ ಕಾಟಕ್ಕೆಂದು 12 ಬೋರ್ ಕೋವಿ ಇಟ್ಟುಕೊಂಡಿದ್ದಾರೆ. ಇಬ್ಬರೂ ಅಂಗಡಿಗೆ ಹೋದರೆ, "ಅವರ ತೋಟಾ ಇದೆ ಸಾರ್, ನಿಮ್ಮದು ಯಾವಾಗ ಬರುತ್ತದೋ ಹೇಳುವುದಕ್ಕಾಗುವುದಿಲ್ಲ" ಎಂಬ ಉತ್ತರ ಸಿಗುತ್ತದೆ. ನನಗೆ ಬೇಕಾದದ್ದು ಸೆಂಟರ್ ಫೈರ್ (ಸಿಡಿಮದ್ದು ತಳದ ನಡುವೆ ಇರುವ ಗುಂಡಿನ) ಸ್ಪರ್ಧೆಗೆ ಬಳಸುವ, .32 ಅಂಗುಲ ಅಳತೆಯ ವಾಡ್‌ಕಟರ್ ಎಂಬ ಗುಂಡು. ಅದರ ಸೀಸದ ಮೂತಿ ಚಪ್ಪಟೆ. ಹಿತ್ತಾಳೆ ಕೊಳವೆಯ ಬಾಯಿಯ ಮಟ್ಟಕ್ಕೇ ಕುಳಿತಿರುತ್ತದೆ. ಗುರಿಯ ಕಾಗದದಲ್ಲಿ ಅಂಚು ಹರಿಯದೆ ದುಂಡಗೆ ತೂತು ಬೀಳುತ್ತದೆ, ಅಂಕದ ತಕರಾರು ಇರುವುದಿಲ್ಲ. ಪುಣೆಯ ಖಡ್ಕಿ ಕಾರ್ಖಾನೆಯಲ್ಲೂ .32 ತಯಾರಾಗುತ್ತದೆ. ಆದರೆ ಅದು ಆತ್ಮರಕ್ಷಣೆಯ ರಿವಾಲ್ವರುಗಳಿಗೆಂದು ಮಾಡಿದ್ದು. ಸ್ಪರ್ಧೆಯ ಗುಂಡು ಹೊರದೇಶದಿಂದಲೇ ಬರಬೇಕು.

ಅಲ್ಲಿಯೂ ಅದನ್ನು ವರ್ಷವಿಡೀ ತಯಾರಿಸುವುದಿಲ್ಲ. ಬಳಸುವವರು ಕಡಿಮೆ, ಯಂತ್ರಕ್ಕೆ ಅಚ್ಚು ಬದಲಿಸಿ ಕೆಲಕಾಲ ಮಾಡಿ, ಮತ್ತೆ ಹೆಚ್ಚು ಬಿಕರಿಯಾಗುವ ಗುಂಡಿಗೆ ಮರಳುತ್ತಾರೆ. 2020ರಲ್ಲಿ ಅಮೆರಿಕದ ಜನ ಬಂದೂಕಿಗೆ ಮುಗಿಬಿದ್ದರು. ಬಂದೂಕು ಕೊಳ್ಳುವವರ ಬಗ್ಗೆ ಅಲ್ಲಿನ ತನಿಖಾ ಸಂಸ್ಥೆ ಎಫ್‌ಬಿಐ ನಡೆಸಿದ ಹಿನ್ನೆಲೆ ಪರಿಶೀಲನೆಗಳೇ ಆ ವರ್ಷ 3.9 ಕೋಟಿ ದಾಟಿದವು. ಅದೇ ವರ್ಷದ ಜುಲೈನಲ್ಲಿ ಬಂದೂಕು, ಗುಂಡುಗಳ ದೊಡ್ಡ ತಯಾರಕ ರೆಮಿಂಗ್‌ಟನ್ ದಿವಾಳಿ ಅರ್ಜಿ ಸಲ್ಲಿಸಿತು. ಕಾರ್ಖಾನೆಗಳು 9 ಎಂಎಂ ಗುಂಡಿನತ್ತ ತಿರುಗಿದವು. ನಮ್ಮಲ್ಲಿ ಸಾಮಾನ್ಯ ಲೈಸೆನ್ಸಿನ ಮೇಲೆ ಇಟ್ಟುಕೊಳ್ಳುವಂತೆಯೇ ಇಲ್ಲದ ಆ 9 ಎಂಎಂ, ನಮ್ಮ .32ರ ಸರದಿಯನ್ನು ನುಂಗಿಹಾಕಿತು. ಮೇಲೆ ಆಮದು ಪರವಾನಗಿ, ಸ್ಫೋಟಕ ಸರಕೆಂದು ಹಡಗಿನ ದುಬಾರಿ ಬಾಡಿಗೆ, ಸುಂಕ. ದರ ಏರದೆ ಇನ್ನೇನಾಗುತ್ತದೆ?

ನಾನು ಹಾರಿಸುವ ಇನ್ನೊಂದು, ಚಿಕ್ಕ ಗುಂಡು .22ರ ಕಥೆ ಬೇರೆ. ಅದರ ಸಿಡಿಮದ್ದು ಕೊಳವೆಯ ಅಂಚಿನ ಮಡಿಕೆಯೊಳಗೇ ಇರುತ್ತದೆ; ಹಾರಿಸಿದ ಕೊಳವೆ ಮತ್ತೆ ಬಳಕೆಗೆ ಬರುವುದಿಲ್ಲ. ಒಂದೇ ಕಂಪನಿಯದಾದರೂ ಒಂದು ಲಾಟ್ (ಒಮ್ಮೆಗೆ ತಯಾರಾದ ಕಂತು) ನನ್ನ ಪಿಸ್ತೂಲಿನಲ್ಲಿ ಒತ್ತೊತ್ತಾಗಿ ಬಿದ್ದರೆ, ಇನ್ನೊಂದು ಚದುರುತ್ತದೆ. ಹೊಂದಿದ ಲಾಟ್ ಮುಗಿದರೆ ಮುಗಿಯಿತು. ಲೈಸೆನ್ಸಿನಲ್ಲಿ ಒಮ್ಮೆಗೆ ಎಷ್ಟು, ವರ್ಷಕ್ಕೆ ಎಷ್ಟು ಎಂಬ ಎರಡು ಮಿತಿಗಳಿರುವುದರಿಂದ ಕೂಡಿಡಲೂ ಆಗದು.

ಹೀಗಾಗಿ ನಾನು ಲೆಕ್ಕವನ್ನು ಬದಲಿಸಿದೆ. ಬೆಳಗಿನ ಅಭ್ಯಾಸವೆಲ್ಲ 10 ಮೀಟರ್ ಏರ್ ಪಿಸ್ತೂಲಿನಲ್ಲಿ, ಅದರ 4.5 ಎಂಎಂ ಪೆಲೆಟ್ (ಸೀಸದ ಪುಟ್ಟ ಗುಂಡು) ಅಗ್ಗ, ಮಣಿಕಟ್ಟಿಗೆ ಮತ್ತು ಟ್ರಿಗರ್ ಬೆರಳಿಗೆ ಬೇಕಾದ ಶಿಸ್ತು ಅದರಲ್ಲೇ ಬರುತ್ತದೆ. ಸಂಜೆ ಮನೆಯಲ್ಲಿ, ಪಿಸ್ತೂಲು ಖಾಲಿಯಿದೆಯೆಂದು ಎರಡೆರಡು ಸಲ ನೋಡಿಕೊಂಡು, ಗುಂಡಿಲ್ಲದೆ ಟ್ರಿಗರ್ ಎಳೆಯುತ್ತೇನೆ. ಗುರಿ 3 ಸೆಕೆಂಡು ಎದುರಿಗೆ, 7 ಸೆಕೆಂಡು ಮರೆಗೆ ಎಂಬ ಸ್ಪರ್ಧೆಯ ತಾಳಕ್ಕೆ ಕೈ ಎತ್ತಿ ಇಳಿಸುವುದೇ ಇಲ್ಲಿನ ಮುಖ್ಯ ಕೆಲಸ. .22ರಲ್ಲಿ ಇದನ್ನು ಮಾಡುವವರು ಅಭ್ಯಾಸದ ಹುಸಿ ತೋಟಾ ಹಾಕಿಕೊಳ್ಳಲೇಬೇಕು. ಇಲ್ಲದಿದ್ದರೆ ಫೈರಿಂಗ್ ಪಿನ್ ಬಡಿದು ಚೇಂಬರಿನ ಅಂಚು ಕೆಡುತ್ತದೆ.

.22ರ ಸ್ಪರ್ಧೆ, .32ರ ಸ್ಪರ್ಧೆ ಎರಡರ ಕ್ರಮವೂ ಒಂದೇ ಆದ್ದರಿಂದ ರೇಂಜಿನಲ್ಲಿ .22 ಸಾಕು. .32 ಅನ್ನು ಸ್ಪರ್ಧೆ ಹತ್ತಿರವಾದಾಗ, ಅದರ ಹಿನ್ನೂಕು ಕೈಗೆ ಒಗ್ಗುವಷ್ಟು ಮಾತ್ರ ಹಾರಿಸುತ್ತೇನೆ. ನಮ್ಮ ಗೆಳೆಯರು ಈಗ ಒಟ್ಟಾಗಿಯೇ ಅಂಗಡಿಗೆ ಬೇಡಿಕೆ ಪಟ್ಟಿ ಕೊಡುತ್ತೇವೆ. ಬಿಲ್ ಮಾತ್ರ ಅವರವರ ಲೈಸೆನ್ಸಿನ ಮೇಲೆ. ಪಟ್ಟಿ ದೊಡ್ಡದಾದರೆ ಅಂಗಡಿಯವರಿಗೂ ತರಿಸುವ ಧೈರ್ಯ ಬರುತ್ತದೆ. ಹೊಸ ಲಾಟ್ ಬಂದಾಗ ಒಂದೇ ಪೆಟ್ಟಿಗೆ ಕೊಂಡು, ಹಾರಿಸಿ ನೋಡಿ, ಹೊಂದಿದರೆ ಉಳಿದದ್ದಕ್ಕೆ ಅಂದೇ ಹೇಳಿಬಿಡುತ್ತೇವೆ.