ಮನೆ ಒಡೆಸುವ ಮುಂಚೆ ಕೈಯಲ್ಲೊಂದು ಮೊಳೆ ಹಿಡಿಯಿರಿ

ಹಳೇ ಮನೆ ಒಡೆಸುವವರು ಮೊದಲು ಫೋನ್ ಮಾಡುವುದೇ ಟ್ರ್ಯಾಕ್ಟರ್‌ನವನಿಗೆ. ನಮ್ಮ ಬೀದಿಯಲ್ಲೂ ಹಾಗೇ ಆಯಿತು. ಇಟ್ಟಿಗೆ, ಮಣ್ಣು, ಕಮೋಡಿನ ಚೂರು ಎಲ್ಲ ಒಂದೇ ಗುಡ್ಡೆ. ಹಾಗೆ ಕಲಸಿಹೋದ ಡೆಬ್ರಿಸ್ ಯಾರಿಗೂ ಬೇಡ. ಒಡೆಸುವಾಗಲೇ ಹೀಗೆ ಬೇರೆ ಬೇರೆ ಮಾಡಿಸಿ.

1. ಕಬ್ಬಿಣ, ತಂತಿ, ಪೈಪು ಗುಜರಿಗೆ. ತೇಗದ ಚೌಕಟ್ಟಿದ್ದರೆ ಮಾತ್ರ ಹಳೇ ಮರದ ಅಂಗಡಿಯವರನ್ನೇ ಕರೆಸಿ.

2. ಇಟ್ಟಿಗೆ. ಎಲ್ಲರೂ ಎಡವುವುದು ಇಲ್ಲೇ. ಗೋಡೆಯನ್ನು ಮೊಳೆಯಿಂದ ಗೀರಿ ನೋಡಿ. ಮೇಲಿನ ಪ್ಲಾಸ್ಟರ್ ಅಲ್ಲ, ಇಟ್ಟಿಗೆಗಳ ನಡುವಿನ ಗಾರೆಯನ್ನು! ಎಷ್ಟೋ ಸುಣ್ಣದ ಗೋಡೆಗೆ ಆಮೇಲೆ ಸಿಮೆಂಟ್ ಬಳಿದಿರುತ್ತಾರೆ. ಗಾರೆ ಪುಡಿಯಾಗಿ ಉದುರಿದರೆ ಸುಣ್ಣ ಅಥವಾ ಮಣ್ಣು. ಇಟ್ಟಿಗೆ ಇಡಿಯಾಗಿ ಬಿಡುತ್ತದೆ. ಮೊಳೆ ಜಾರಿದರೆ ಸಿಮೆಂಟ್. ಅದನ್ನು ಬಿಡಿಸಲು ಹೋದರೆ ಗಾರೆಗಿಂತ ಮೊದಲು ಇಟ್ಟಿಗೆಯೇ ಒಡೆಯುತ್ತದೆ, ಕೂಲಿ ಸುಮ್ನೆ ದಂಡ.

ಬಿಡಿಸಿದ ಎರಡು ಇಟ್ಟಿಗೆ ಒಂದಕ್ಕೊಂದು ಬಡಿಯಿರಿ. ಟಣ್ ಅನ್ನಬೇಕು. ಧಪ್ ಅಂದರೆ ಪಕ್ಕಕ್ಕಿಡಿ. ನಾಲ್ಕೈದನ್ನು ಚೆನ್ನಾಗಿ ಒಣಗಿಸಿ ತೂಗಿ, 24 ಗಂಟೆ ನೀರಲ್ಲಿ ಮುಳುಗಿಸಿ, ಒರೆಸಿ ಮತ್ತೆ ತೂಗಿ. 3 ಕೆ.ಜಿ. ಇದ್ದದ್ದು 3.6 ದಾಟಬಾರದು. ಪಾಸಾದರೂ ನನ್ನ ಲೆಕ್ಕದಲ್ಲಿ ಅವು ಕಾಂಪೌಂಡ್‌ಗೆ, ಗಿಡದ ಕಟ್ಟೆಗೆ. ಭಾರ ಹೊರುವ ಗೋಡೆಗೆ ಬೇಡವೇ ಬೇಡ.

ಅಂಟಿದ ಗಾರೆ ತೆಗೆಯಲು ಆಸಿಡ್ ಬಾಟಲಿ ಮಾರುತ್ತಾರೆ. ಹಳೇ ಕತ್ತಿಯೇ ವಾಸಿ.

3. ಕಾಂಕ್ರೀಟ್ ಬೇರೆ ಗುಡ್ಡೆ ಹಾಕಿಸಿ. ಬೆಂಗಳೂರಿನ ಚಿಕ್ಕಜಾಲದ ಕಡೆ ಡೆಬ್ರಿಸ್ ಪುಡಿ ಮಾಡಿ ಜಲ್ಲಿ, ಮರಳು ಮಾಡುವ ಘಟಕವಿದೆ. ಇಂಥ ಜಲ್ಲಿ ಹಾಕಿದರೆ ಮನೆ ಬೀಳುತ್ತೆ ಅನ್ನುವ ಮೇಸ್ತ್ರಿಗಳಿದ್ದಾರೆ. ಜಲ್ಲಿ, ಮರಳಿನ ಭಾರತೀಯ ಮಾನಕ ಐಎಸ್ 383ರ 2016ರ ಆವೃತ್ತಿಯೇ ಇದಕ್ಕೆ ಒಪ್ಪಿದೆ: ಎಂ25 ದರ್ಜೆವರೆಗಿನ (ಎಂ ಪಕ್ಕದ ಅಂಕಿ ಹೆಚ್ಚಿದಷ್ಟೂ ಕಾಂಕ್ರೀಟ್ ಗಟ್ಟಿ) ಆರ್‌ಸಿಸಿಯಲ್ಲಿ, ಅಂದರೆ ಕಬ್ಬಿಣ ಹಾಕಿದ ಕಾಂಕ್ರೀಟಿನಲ್ಲಿ, ಒಟ್ಟು ಜಲ್ಲಿಯ ಶೇ 20, ಕಬ್ಬಿಣವಿಲ್ಲದ ಕಾಂಕ್ರೀಟಿನಲ್ಲಿ ಶೇ 25, ಎಂ15ಕ್ಕಿಂತ ಕಡಿಮೆಯ ಬೆಡ್ ಕಾಂಕ್ರೀಟಿಗೆ ಪೂರ್ತಿ ಅದೇ ಆದರೂ ನಡೆಯುತ್ತದೆ.

ಪಿಒಪಿ ಸೀಲಿಂಗ್ ಮಾತ್ರ ಈ ಗುಡ್ಡೆಗೆ ಸೇರಬಾರದು. ಅದರಲ್ಲಿರುವ ಸಲ್ಫೇಟ್ ಕಾಂಕ್ರೀಟನ್ನು ಒಳಗಿಂದಲೇ ಉಬ್ಬಿಸಿ ಬಿರುಕು ಬಿಡಿಸುತ್ತದೆ. ಆಸ್ಬೆಸ್ಟಾಸ್ ಶೀಟನ್ನು ಸುತ್ತಿಗೆಯಿಂದ ಒಡೆಯಬೇಡಿ. ನೀರು ಚಿಮುಕಿಸಿ, ಬೋಲ್ಟ್ ಬಿಚ್ಚಿ, ಇಡಿಯಾಗಿ ಇಳಿಸಿ. ಅದರ ಧೂಳು ಶ್ವಾಸಕೋಶಕ್ಕೆ ಕೇಡು.

4. ಸಾಗಣೆ. ಟ್ರ್ಯಾಕ್ಟರ್‌ನವನು ‘ಎಲ್ಲೋ ಹಾಕ್ತೀನಿ ಬಿಡಿ ಸಾರ್’ ಅಂದರೆ ರಾಜಕಾಲುವೆ ದಂಡೆ ಅಂತಲೇ ತಿಳಿಯಿರಿ. ಘಟಕದಲ್ಲಿ ತೂಕ ಹಾಕಿಸಿದ ಚೀಟಿ ತಂದುಕೊಟ್ಟ ಮೇಲೇ ಬಾಡಿಗೆ ಕೊಡಿ.